ಅಯಸ್ಕಾಂತ ಹಿಡಿಯದ ಜಾಗ

ಅಯಸ್ಕಾಂತ ಜಾರಿ ಗ್ಯಾರೇಜಿನ ಸಿಮೆಂಟು ನೆಲಕ್ಕೆ ಬಿತ್ತು. ಹಳೆಯ ಕಾರುಗಳಿಗೆ ಬೆಲೆ ಕಟ್ಟುವ ಕ್ಲಿಫರ್ಡ್ ಹೇಯ್ಸ್ ಬಗ್ಗಿ ಎತ್ತಿಕೊಂಡು, ಕೋಟಿನ ತೋಳಿಗೆ ಒರೆಸಿ, ಹಳದಿ ಕಾರಿನ ಎಡ ಹಿಂಚಕ್ರದ ಮೇಲಿನ ಉಬ್ಬಿಗೆ ಮತ್ತೆ ಒತ್ತಿದ. ಕೈಬಿಟ್ಟ. ಮತ್ತೆ ಬಿತ್ತು.

"ಪುಟ್ಟಿ" ಎಂದ. "ಬಣ್ಣದ ಕೆಳಗೆ ತಗಡಿಲ್ಲ ಇಲ್ಲಿ. ತಗ್ಗು ಮುಚ್ಚೋಕೆ ಬರೀ ಪುಟ್ಟಿ ತುಂಬಿದಾರೆ."

"ಇನ್ನು ಸ್ವಲ್ಪ ಹೊತ್ತಿಗೆ ನಮ್ಮಮ್ಮನ ಮಣ್ಣು" ಎಂದಳು ಡೆನೀಸ್. ಕಪ್ಪು ಉಡುಪಿನ ಮೇಲೆ ತಾಯಿಯ ಎಣ್ಣೆಕಲೆಯ ಜಾಕೆಟ್ ಹಾಕಿಕೊಂಡಿದ್ದಳು. "ನೀವಿಲ್ಲಿ ಕಾರಿಗೆ ಪೋಸ್ಟ್‌ಮಾರ್ಟಮ್ ಮಾಡ್ತಾ ಕೂತಿದೀರ."

"ನಾನಾಗಿ ಬಂದಿಲ್ಲ ತಾಯಿ. ನಿಮ್ಮ ತಮ್ಮ ಕರೆಸಿದ್ದು."

ತಮ್ಮ ವಿನ್ಸ್ ಬಾಗಿಲಲ್ಲಿ ನಿಂತು ಟೈ ಸರಿಮಾಡಿಕೊಳ್ಳುತ್ತಿದ್ದ. ಅವನ ಹಿಂದೆ, ಟೊಲೀಡೊದ ಫೆಬ್ರವರಿಯ ಕೊಳಕು ಹಿಮದ ನಡುವೆ, ಕಾರು ಸಾಗಿಸುವ ಟ್ರೈಲರ್ ಹಲಗೆ ಇಳಿಸಿಕೊಂಡು ಕಾಯುತ್ತಿತ್ತು. ಕೊಳ್ಳುವವನು ಸಿನ್ಸಿನಾಟಿಯ ಹಲ್ಲಿನ ಡಾಕ್ಟರು. ಅವನ ಷರತ್ತು ಒಂದೇ. ಬೆಲೆ ಕಟ್ಟುವವನು ನೋಡಿ ಒಪ್ಪಬೇಕು, ಆಮೇಲೆ ಕಾರಿನ ಚಕ್ರ ರಸ್ತೆಗೆ ತಾಗಬಾರದು. ಹಿಮ ಕರಗಿಸಲು ಊರೆಲ್ಲ ಉಪ್ಪು ಸುರಿದಿದ್ದರು. ಹಳೆಯ ಕಾರಿಗೆ ಉಪ್ಪು ಮುಟ್ಟಿದರೆ ತುಕ್ಕು ಹೊಟ್ಟೆಯಿಂದಲೇ ಶುರುವಾಗುತ್ತದೆ.

"ಅಮ್ಮ ಬಾಯಿಬಿಟ್ಟು ಹೇಳಿದಾಳೆ ವಿನ್ಸ್. ಸ್ಮಶಾನಕ್ಕೆ ಈ ಹಳದಿಯವಳು ನನ್ನ ಹಿಂದೆ ಬರಬೇಕು ಅಂತ."

"ಮಾರ್ಫಿನ್ ಏರಿದಾಗ ಹೇಳಿದ್ದು. ಅವತ್ತೇ ಪೋಪ್ ಬಂದು ಟೈರ್ ಬದಲಾಯಿಸಿದ ಅಂತಾನೂ ಹೇಳಿದ್ಲು."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಲೆರಾಯ್ ಟಿಬ್ಸ್ ನಕ್ಕ. ಅವರ ತಾಯಿ ಇರ್ಮಾ ಬೊಡ್ನಾರ್ ಶಾಲಾ ಬಸ್ಸು ಓಡಿಸುತ್ತಿದ್ದಷ್ಟು ವರ್ಷವೂ ಆ ಬಸ್ಸುಗಳನ್ನು ರಿಪೇರಿ ಮಾಡಿದವನು ಅವನು. ಈ ಕಾರಿನ ಒಂದೊಂದು ಬೋಲ್ಟೂ ಅವರಿಬ್ಬರ ಜಗಳ ಕಂಡಿತ್ತು.

ಕ್ಲಿಫರ್ಡ್ ತನ್ನ ಕೆಲಸ ಮುಂದುವರಿಸಿದ. "ಅರವತ್ತೆಂಟರ ಡಾಡ್ಜ್ ಡಾರ್ಟ್. ಫ್ಯಾಕ್ಟರಿಯಿಂದ ಬಂದಾಗ ಆರು ಸಿಲಿಂಡರ್, ಕೆನೆ ಬಣ್ಣ. ಈಗ ನೋಡಿದ್ರೆ ದೊಡ್ಡ ಎಂಟು ಸಿಲಿಂಡರ್ ಎಂಜಿನ್ ತುರುಕಿದಾರೆ, ಅದರ ನಂಬರಿಗೂ ಬಾಡಿ ನಂಬರಿಗೂ ಸಂಬಂಧ ಇಲ್ಲ."

"ಮದುವೆ ಆಗಿರೋ ಅರ್ಧ ಜನಕ್ಕೂ ಇಲ್ಲ" ಎಂದ ಲೆರಾಯ್.

"ಬಾನೆಟ್ ಕೊಯ್ದು ತೂತು ಮಾಡಿದಾರೆ. ಸೀಟು ಬಸ್ಸಿಂದು. ಬಣ್ಣಾನೂ ಬಸ್ಸಿಂದೇ."

"ಕದ್ದದ್ದಲ್ಲ. ಉಳಿದದ್ದು" ಎಂದ ಲೆರಾಯ್.

"ಹೋಗಲಿ. ಡಾಕ್ಟರು ಇದನ್ನೆಲ್ಲ ಕಿತ್ತುಹಾಕಿ ಮೊದಲಿದ್ದ ಹಾಗೆ ಮಾಡಿಸ್ತಾರೆ. ಆರು ಸಿಲಿಂಡರ್, ಕೆನೆ ಬಣ್ಣ."

ಡೆನೀಸ್ ತಮ್ಮನ ಕಡೆ ತಿರುಗಿದಳು. "ಕೇಳಿಸಿಕೊಂಡ್ಯಾ? ಅಮ್ಮನ್ನ ಹೂಳೋದು ಸಾಲದು, ಅಳಿಸಿಹಾಕ್ತಿದೀಯ."

"ಅಳಿಸಲಿ!" ವಿನ್ಸ್‌ನ ದನಿ ಒಡೆಯಿತು. "ನನಗಿಂತ ಈ ಡಬ್ಬಾನೇ ಹೆಚ್ಚಾಗಿತ್ತು ಅವಳಿಗೆ. ನಿಂಗೊತ್ತಿದೆ. ಊರಿಗೇ ಗೊತ್ತಿದೆ."

ಕ್ಲಿಫರ್ಡ್ ಟಾರ್ಚನ್ನು ಕಾರಿನ ಮೈಗೆ ಅಡ್ಡವಾಗಿ ಹಿಡಿದ. ನುಣ್ಣಗಿದ್ದ ಹಳದಿಯಲ್ಲಿ ಆ ಒಂದು ಜಾಗ ಮಾತ್ರ ಅಲೆಯಲೆಯಾಗಿ ಎದ್ದು ಕಂಡಿತು. "ಉಳಿದದ್ದು ಚೊಕ್ಕ ಕೆಲಸ. ಇದನ್ನ ಮಾತ್ರ ಯಾವನೋ ಕೈಬಾರದವನು ಮಾಡಿದಾನೆ. ಕರಣೆ ಕೂಡ ಹಿಡಿದಿಲ್ಲ, ಅಂಗೈಯಲ್ಲೇ ಮೆತ್ತಿದಾನೆ. ನೋಡಿ, ಇಲ್ಲಿ ಹೆಬ್ಬೆರಳು ಊರಿದ ಗುಳಿ."

ವಿನ್ಸ್‌ನ ಕೈ ಟೈಯ ಗಂಟಿನ ಮೇಲೆ ನಿಂತಿತು.

*

ಅವನಿಗೆ ಆಗ ಹದಿನೇಳು. ಕೀಲಿ ಕದ್ದು, ಗೆಳೆಯರೆದುರು ಮೆರೆಯಲು ಹೋಗಿ, ಪೆಟ್ರೋಲ್ ಬಂಕಿನ ಕಬ್ಬಿಣದ ಕಂಬಕ್ಕೆ ಕಾರನ್ನು ಹಿಮ್ಮುಖವಾಗಿ ಗುದ್ದಿದ್ದ. ಮನೆಗೆ ತಂದು ನಿಲ್ಲಿಸಿದಾಗ ಇರ್ಮಾ ಅಂಗಳದಲ್ಲಿ ಮೆಣಸಿನಕಾಯಿ ಹಾಕಿದ ಕೋಳಿಸಾರಿನ ಪಾತ್ರೆ ತಿಕ್ಕುತ್ತಿದ್ದಳು. ಕೂಗಲಿಲ್ಲ. ಒದ್ದೆ ಕೈಯಲ್ಲಿ ತಗ್ಗನ್ನು ಸವರಿದಳು.

ಭಾನುವಾರದ ಕಾರು ಮೇಳಗಳಲ್ಲಿ ಅವಳು ತೀರ್ಪುಗಾರ್ತಿ. ಕೆಂಪು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಅವಳ ಅಯಸ್ಕಾಂತ ಕಂಡರೆ ಗಂಡಸರು ತಮ್ಮ ಕಾರಿಗೆ ಅಡ್ಡ ನಿಲ್ಲುತ್ತಿದ್ದರು. ಪುಟ್ಟಿ ಸಿಕ್ಕರೆ ಅಂಕ ಕಳೆಯುವುದಷ್ಟೇ ಅಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

"ಹೊಸ ತಗಡು ಕೂರಿಸ್ತೀನಿ" ಎಂದಿದ್ದ ಲೆರಾಯ್.

"ಬೇಡ. ಹಾಳು ಮಾಡಿದವನೇ ತುಂಬಲಿ."

ಪುಟ್ಟಿಯ ಡಬ್ಬಿಯನ್ನು ಮಗನ ಮುಂದೆ ಇಟ್ಟಳು. ಅವನು ಇಡೀ ಬೇಸಿಗೆ ಮೆತ್ತಿದ, ಉಜ್ಜಿದ, ಬೈದುಕೊಂಡ, ಮತ್ತೆ ಮೆತ್ತಿದ. ಕೊನೆಗೆ ಅವಳು ಬಂದು ನೋಡಿದಳು.

"ಹೆಬ್ಬೆರಳಿನ ಗುರುತು ಉಳಿದಿದೆ."

"ಉಜ್ಜಿ ತೆಗೀತೀನಿ."

"ಸಾಕು ಬಿಡು."

ಅಷ್ಟೇ. ಅದರ ಮೇಲೆ ತಾನೇ ಹಳದಿ ಬಳಿದಳು. ಇನ್ನೊಮ್ಮೆ ಓಡಿಸಲೇ ಎಂದು ಅವನು ಕೇಳಿದಾಗ, "ನಿನ್ನ ಕಾರು ನೀನೇ ಕಟ್ಟಿಕೋ" ಎಂದಳು. ಎಲೆ ಉದುರುವ ಹೊತ್ತಿಗೆ ಅವನು ನೌಕಾಪಡೆ ಸೇರಿದ. ತಾನು ಬಸ್ಸು ಹತ್ತಿದ ದಿನವೇ ತಾಯಿ ಆ ಭಾಗ ಕತ್ತರಿಸಿ ಹೊಸದು ಹಾಕಿಸಿರುತ್ತಾಳೆ ಎಂದು ಅವನು ನಂಬಿದ್ದ. ಅವನ ಜಾಗದಲ್ಲಿ ಅವಳಿದ್ದಿದ್ದರೂ ಹಾಗೇ ನಂಬುತ್ತಿದ್ದಳು.

*

"ಅಂಕಲ್, ಅಮ್ಮ ಇದನ್ನ ಯಾಕೆ ತೆಗೆಸಲಿಲ್ಲ?" ಎಂದ ವಿನ್ಸ್.

ಲೆರಾಯ್ ಸ್ಟೂಲಿನಿಂದ ಎದ್ದ. "ಕೇಳಿದೆ ಕಣೋ. ಕೇಳಿ ಕೇಳಿ ಸಾಕಾಯ್ತು. ಒಂದ್ಸಲ ಮೇಳದಲ್ಲಿ ಬೇರೆ ತೀರ್ಪುಗಾರ ಬಂದು ಇಲ್ಲಿ ಮ್ಯಾಗ್ನೆಟ್ ಇಟ್ಟ. ಬಿತ್ತು. ಅವಳ ಕೈಲಿ ಮಾನ ಕಳ್ಕೊಂಡಿದ್ದ ಗಂಡಸರೆಲ್ಲ ಅಲ್ಲೇ ಇದ್ರು. ಏನ್ ನಕ್ರು ಅಂತೀಯ! ನಾನಾಗಿದ್ರೆ ಕಾರ್ ಕೆಳಗೆ ಬಚ್ಚಿಟ್ಕೋತಿದ್ದೆ."

"ಅಮ್ಮ ಏನಂದ್ಲು?"

"ಅಂಕ ಕಳಿ ಅಂದ್ಲು. ಬೇಕಿದ್ರೆ ಎಲ್ಲಾನೂ ಕಳಿ, ಅದು ನನ್ನ ಮಗನ ಕೈಕೆಲಸ, ಯಾವನೂ ಮುಟ್ಟಂಗಿಲ್ಲ."

"ನಂಗೆ ಯಾವತ್ತೂ ಹೇಳಲಿಲ್ಲ."

"ನೀನು ಕೇಳಿದ್ಯಾ? ಫೋನ್ ಮಾಡಿದಾಗೆಲ್ಲ ಹವಾಮಾನ ಮಾತಾಡ್ತಿದ್ರಿ ಇಬ್ಬರೂ. ಒಂದೇ ಅಚ್ಚು."

ವಿನ್ಸ್ ಕಾರಿನ ಪಕ್ಕ ಮೊಣಕಾಲೂರಿ ಕೂತ. ಹೆಬ್ಬೆರಳನ್ನು ಗುಳಿಗೆ ಇಟ್ಟ. ಬೆರಳು ಈಗ ದಪ್ಪವಾಗಿತ್ತು. ಗುಳಿಯ ಅಂಚಿಗೆ ತಾಗಿ ನಿಂತಿತು.

ಕ್ಲಿಫರ್ಡ್ ಕೆಮ್ಮಿದ. "ಇದೊಂದನ್ನ ಬಿಟ್ರೆ ತೊಂದರೆ ಇಲ್ಲ. ಡಾಕ್ಟರು ಈ ಭಾಗ ಕೊಯ್ದು ಬಿಸಾಕ್ತಾರೆ. ಬೆಲೆ ಸ್ವಲ್ಪ ಇಳಿಸಿದ್ರೆ ತಗೋತಾರೆ."

"ಹಲ್ಲಿಗೆ ಸಿಮೆಂಟ್ ತುಂಬೋ ಮನುಷ್ಯನಿಗೆ ಒಂದು ಹಿಡಿ ಪುಟ್ಟಿ ಕಂಡ್ರೆ ಅಸಹ್ಯಾನಾ?" ವಿನ್ಸ್ ಎದ್ದ. ಪ್ಯಾಂಟಿನ ಮೊಣಕಾಲಲ್ಲಿ ಧೂಳಿತ್ತು, ಒರೆಸಿಕೊಳ್ಳಲಿಲ್ಲ. "ಡೆನೀಸ್, ಕೀ."

"ಯಾಕೆ, ಟ್ರೈಲರಿಗೆ ಹತ್ತಿಸ್ತೀಯಾ?"

"ಕೀ ಕೊಡೇ."

ಡೆನೀಸ್ ಅವನ ಮುಖ ನೋಡಿ ಜಾಕೆಟಿನ ಜೇಬಿಗೆ ಕೈಹಾಕಿದಳು.

"ಯೋಚನೆ ಮಾಡಿ" ಎಂದ ಕ್ಲಿಫರ್ಡ್. "ಉಪ್ಪು ಹತ್ತಿದ್ರೆ ವ್ಯಾಪಾರ ಮುಗೀತು. ಡಾಕ್ಟರು ಅಂತಲ್ಲ, ಯಾರೂ ಈ ಬೆಲೆ ಕೊಡಲ್ಲ."

"ಎಷ್ಟಾಗುತ್ತೋ ಅಷ್ಟೂ ಕಳಿ."

ಎಂಜಿನ್ ಎದ್ದಿತು. ಗೋಡೆಯ ಮೇಲಿನ ಸ್ಪ್ಯಾನರುಗಳು ಗಲಗಲ ಎಂದವು. ಟ್ರೈಲರಿನ ಚಾಲಕ ತನ್ನ ಹಲಗೆಗೆ ಕಾರು ಬರುತ್ತಿದೆ ಎಂದುಕೊಂಡು ಕೈಬೀಸಿ ದಾರಿ ತೋರಿಸತೊಡಗಿದ. ವಿನ್ಸ್ ಅವನನ್ನು ಸುತ್ತಿ ಹಾದು, ಬಿಳಿಯಾಗಿ ಉಪ್ಪು ಹಾಸಿದ ಬೀದಿಯ ನಟ್ಟನಡುವೆ ಕಾರನ್ನು ಇಳಿಸಿದ.

*

ಸ್ಮಶಾನದಲ್ಲಿ ಜನ ನಿರೀಕ್ಷೆಗಿಂತ ಹೆಚ್ಚಿದ್ದರು. ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ಅವಳ ಬಸ್ಸಿನಲ್ಲಿ ಬೈಸಿಕೊಂಡವರು. ಹಳದಿ ಕಾರು ಶವವಾಹನದ ಹಿಂದೆ ನಿಂತಿತ್ತು. ಕಿಟಕಿಯವರೆಗೂ ಕೆಸರು, ಉಪ್ಪು. ವಿನ್ಸ್ ಎಂಜಿನ್ ಆರಿಸಿರಲಿಲ್ಲ. ಪಾದ್ರಿ ಬಾಲಿಂಟ್ ಎರಡು ಸಲ ಅತ್ತ ನೋಡಿದರು, ಆಮೇಲೆ ಪ್ರಾರ್ಥನೆಯನ್ನೇ ಏರುದನಿಯಲ್ಲಿ ಹೇಳಿದರು.

ಶವಪೆಟ್ಟಿಗೆ ಉಕ್ಕಿನದು. ಮರದ್ದು ಬೇಡವೆಂದು ಇರ್ಮಾಳೇ ಹೇಳಿಟ್ಟಿದ್ದಳು. ಹೂವಿಡುವ ಸರದಿಯಲ್ಲಿ ವಿನ್ಸ್‌ನ ಕೈಯಲ್ಲಿ ಹೂವಿರಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಿಂದ ತಂದ ತಾಯಿಯ ಕೆಂಪು ಫ್ಲಾನೆಲ್ ಗಂಟನ್ನು ಶವಪೆಟ್ಟಿಗೆಯ ಎಡಪಕ್ಕಕ್ಕೆ, ಹಿಂಭಾಗದಲ್ಲಿ, ಹಿಡಿದು ಬಿಟ್ಟ. ಟಕ್ ಎಂದು ಕಚ್ಚಿಕೊಂಡಿತು.

"ಏನದು?" ಎಂದರು ಪಾದ್ರಿ, ಮೆಲ್ಲಗೆ.

"ಪರೀಕ್ಷೆ, ಫಾದರ್" ಎಂದ ಲೆರಾಯ್. "ನೀವು ಮುಂದುವರಿಸಿ."

ಹಗ್ಗ ಸಡಿಲವಾಯಿತು. ಪೆಟ್ಟಿಗೆ ವಾಲಾಡುತ್ತ ಇಳಿಯತೊಡಗಿತು. ಹೆಪ್ಪುಗಟ್ಟಿದ ಮಣ್ಣಿನ ಅಂಚು ಅದರ ಪಕ್ಕವನ್ನು ಉದ್ದಕ್ಕೆ ಕೆರೆಯಿತು. ಹೊಳಪು ಬಣ್ಣ ಎದ್ದುಬಂತು, ಕೆಂಪು ಬಟ್ಟೆ ಹರಿಯಿತು. ಅಯಸ್ಕಾಂತ ಬೀಳಲಿಲ್ಲ.