ನಾನು ಒಪ್ಪಿಸಿರಲಿಲ್ಲ

ಡಾಕ್ಟರಮ್ಮ ಚೀಲದ ಜಿಪ್ ಎಳೆದು ಏಳುವಷ್ಟರಲ್ಲಿ ರೊಟ್ಟಿಮನೆಯ ಸಿಸ್ಟರ್ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದಳು. ಡಾಕ್ಟರಮ್ಮ ಕನ್ಯಾಮಠಕ್ಕೆ ಬಂದದ್ದು ಜ್ವರದಲ್ಲಿ ಮಲಗಿದ್ದ ಮುದುಕಿ ಸಿಸ್ಟರನ್ನು ನೋಡಲು. ಇವಳನ್ನು ನೋಡುವ ಮಾತೇ ಇರಲಿಲ್ಲ. ತನ್ನನ್ನೂ ಒಂದಿಷ್ಟು ನೋಡಿ ಎಂದು ಕೇಳಿಕೊಂಡು, ಉತ್ತರಕ್ಕೂ ಕಾಯದೆ ನಿಲುವಂಗಿಯ ಗುಂಡಿ ಬಿಚ್ಚಿದಳು.

ಎಡ ಎದೆಯ ಮೇಲೆ ಸರಿಯುತ್ತಿದ್ದ ಡಾಕ್ಟರಮ್ಮನ ಬೆರಳು ಕಂಕುಳ ಬಳಿ ನಿಂತಿತು. ಎಷ್ಟು ದಿನದಿಂದ ಎಂದು ಕೇಳಿದರು. ಒಂಬತ್ತು ತಿಂಗಳು ಎಂದಳು.

"ಒಂಬತ್ತು ತಿಂಗಳು ಯಾರಿಗೂ ಹೇಳದೆ ಕೂತಿದ್ರಾ?"

"ಹೇಳಿದ್ದೆ. ಗೊತ್ತಾದ ಎರಡನೇ ದಿನಾನೇ ಮದರ್‌ಗೆ ಹೇಳಿದ್ದೆ."

ಆಗ ಆ ಗಂಟು ಬಟಾಣಿಯಷ್ಟಿತ್ತು. ಮದರ್ ಅವಳ ತಲೆಯ ಮೇಲೆ ಕೈಯಿಟ್ಟು ಒಂಬತ್ತು ದಿನ ಪ್ರಾರ್ಥನೆ ಮಾಡಲು ಹೇಳಿದ್ದರು. ಅದು ಮುಗಿದ ಮೇಲೆ ಇನ್ನೊಂಬತ್ತು ದಿನ. ಆ ಮಠಕ್ಕೆ ಸೇರಿದವರು ಮದರ್ ಅಪ್ಪಣೆಯಿಲ್ಲದೆ ಹೊಸಿಲು ದಾಟುವಂತಿರಲಿಲ್ಲ. ಅವಳು ಅದನ್ನು ದಾಟಿ ಒಳಬಂದು ಇಪ್ಪತ್ತಮೂರು ವರ್ಷವಾಗಿತ್ತು. ಅಷ್ಟೂ ವರ್ಷ ಬಲಿಪೂಜೆಯಲ್ಲಿ ಪ್ರಸಾದವಾಗಿ ಹಂಚುವ ತೆಳು ರೊಟ್ಟಿ ಸುಟ್ಟಿದ್ದಳು. ಕಾದ ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಹುಯ್ದು ಒತ್ತಬೇಕು, ಕಾಗದದಂಥ ಹಾಳೆ ಬಿಡಿಸಬೇಕು, ತೇವ ಬಟ್ಟೆಯಲ್ಲಿಟ್ಟು ಮೆತ್ತಗಾದ ಮೇಲೆ ಬಿಲ್ಲೆ ಕತ್ತರಿಸಬೇಕು. ಸೇರಿದ ಹೊಸದರಲ್ಲಿ ಅಕ್ಕ ನೋಡಲು ಬಂದು, "ಒಲೆ ಮುಂದೆನೇ ಕೂರೋದಾದ್ರೆ ನಮ್ಮನೇಲೇ ಕೂರಬಹುದಿತ್ತಲ್ಲೇ" ಎಂದು ನಗಿಸಿದ್ದಳು. ಈಗ ನಾಲ್ಕು ತಿಂಗಳಿಂದ ಎಡಗೈಯಲ್ಲಿ ಹಲಗೆ ಎತ್ತಲಾಗುತ್ತಿರಲಿಲ್ಲ. ಬಲಗೈ ರೂಢಿ ಮಾಡಿಕೊಂಡಿದ್ದಳು.

ಒಂದು ಸಂಜೆ ರೊಟ್ಟಿಯ ಡಬ್ಬ ಹೊತ್ತು ಹೋಗುವಾಗ, ಭೇಟಿಕೋಣೆಯ ಕಂಬಿಯಾಚೆಯ ಭಕ್ತರಿಗೆ ಮದರ್ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು: ನಮ್ಮ ರೊಟ್ಟಿಮನೆಯ ಸಿಸ್ಟರ್ ತನ್ನ ನೋವನ್ನೆಲ್ಲ ಪ್ರಭುವಿಗೆ ಒಪ್ಪಿಸಿ ಔಷಧಿಯನ್ನೇ ಬೇಡವೆಂದಿದ್ದಾಳೆ. ಅಂದಿನಿಂದ ಅವಳ ಹೆಸರಿಗೆ ಚೀಟಿಗಳು ಬರತೊಡಗಿದವು. ಮಗನ ಕೆಲಸಕ್ಕೆ, ಮಗಳ ಮದುವೆಗೆ ನೀವು ಬೇಡಿಕೊಳ್ಳಿ ಎಂದು. ಆಗಲೂ ಅವಳು ಬಾಯಿ ಬಿಟ್ಟಿರಲಿಲ್ಲ. ಅದನ್ನೇ ವಿಧೇಯತೆ ಎಂದುಕೊಂಡಿದ್ದಳು.

ಡಾಕ್ಟರಮ್ಮ ಆಸ್ಪತ್ರೆಗೆ ಚೀಟಿ ಬರೆದರು. ಆಗಲೇ ಬಂದಿದ್ದರೆ ಸುಲಭವಿತ್ತು, ಈಗ ಏನೂ ಹೇಳಲಾರೆ ಎಂದರು. ಅವಳು ಚೀಟಿ ಹಿಡಿದು ನೇರ ಮದರ್ ಕೋಣೆಗೆ ನಡೆದಳು. ಬಾಗಿಲು ತಟ್ಟಲಿಲ್ಲ.

ಮದರ್ ಚೀಟಿಯನ್ನು ಎರಡು ಸಲ ಓದಿದರು. ನಿನ್ನ ನಂಬಿಕೆ ಸಡಿಲವಾಗುತ್ತಿದೆ ಮಗಳೇ, ಎಂದು ಮೆಲ್ಲಗೆ ಹೇಳಿದರು.

"ನನ್ನ ನಂಬಿಕೆ ಸುದ್ದಿ ಬಿಡಿ ಮದರ್. ನೋವು ನಂದು. ಒಪ್ಪಿಸೋದಾದ್ರೆ ನಾನು ಒಪ್ಪಿಸಬೇಕಿತ್ತು. ನಾನು ಒಪ್ಪಿಸಿರಲಿಲ್ಲ."

ಮದರ್ ಚೀಟಿಯನ್ನು ಮಡಚಿ ಅವಳ ಕೈಗೆ ವಾಪಸು ಕೊಟ್ಟರು. ಆಮೇಲೆ ತಮ್ಮ ತಂಗಿಯ ವಿಷಯ ಹೇಳಿದರು. ಅವಳಿಗೂ ಇದೇ ಆಗಿತ್ತಂತೆ. ಆಸ್ಪತ್ರೆಯಲ್ಲಿ ಮೂರು ಸಲ ಕೊಯ್ದರಂತೆ, ಕೊನೆಗೆ ಗುರುತೇ ಸಿಗದಂತಾಗಿ ಸತ್ತಳಂತೆ. ಸಿಸ್ಟರಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ. ಭಯ ಇದ್ದಿದ್ದು ನಿಮಗೆ. ಅದಕ್ಕೆ ದೇವರ ಹೆಸರು ಯಾಕೆ ಹಾಕಿದ್ರಿ?"

ಅಲ್ಲಿಂದ ಪ್ರಾರ್ಥನಾಲಯಕ್ಕೆ ಹೋದಳು. ಮಂಡಿಯೂರಲಿಲ್ಲ. ಶಿಲುಬೆಯ ಎದುರು ಕೈಕಟ್ಟಿ ನಿಂತಳು. ಮನೆಯಲ್ಲಿ ಹೆಂಗಸರು ಕಿತ್ತಾಡುವಾಗ ಪೇಪರಿನಲ್ಲಿ ಮುಖ ಹುದುಗಿಸಿ ಕೂರುವ ಗಂಡಸಿನ ಹಾಗೆ ಇದ್ದುಬಿಟ್ಟೆಯಲ್ಲ, ನೀನಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಮನಸ್ಸಿನಲ್ಲೇ ಬೈದಳು. ಬೈದಷ್ಟೂ ಸಿಟ್ಟು ಏರಿತು. ಊಟದ ಗಂಟೆ ಹೊಡೆದರೂ ಕದಲಲಿಲ್ಲ. ಅಷ್ಟು ಹೊತ್ತು ಅವನೆದುರು ಅವಳು ಎಂದೂ ನಿಂತಿರಲಿಲ್ಲ.

ಮರುದಿನ ಬೆಳಿಗ್ಗೆ, ಫೋನಿನಲ್ಲಿ ಸುದ್ದಿ ತಿಳಿದ ಅಕ್ಕ ಕಾರು ತಂದಳು. ಮದರ್ ಅಪ್ಪಣೆ ಪತ್ರಕ್ಕೆ ಸಹಿ ಹಾಕಿದ್ದರು, ಕೆಳಗಿಳಿದು ಬರಲಿಲ್ಲ. ದಾರಿಯುದ್ದಕ್ಕೂ ಅಕ್ಕ ಅತ್ತಳು. ಇವಳು ಅಳಲಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಜನವೋ ಜನ. ಅಕ್ಕ ಫೈಲು ಮಾಡಿಸಲು ಹೋದಳು. ಪಕ್ಕದ ಕುರ್ಚಿಯ ಹೆಂಗಸು ಇವಳ ಉಡುಪು ನೋಡಿ ಹತ್ತಿರ ಸರಿದಳು. ಕುತ್ತಿಗೆಯಲ್ಲಿ ಗಂಟಾಗಿದೆ, ತೋರಿಸಲು ಧೈರ್ಯವಿಲ್ಲದೆ ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದೇನೆ ಎಂದು ಪಿಸುಗುಟ್ಟಿದಳು. "ನಿಮ್ಮಂಥೋರು ಬೇಡ್ಕೊಂಡ್ರೆ ಕರಗಿ ಹೋಗುತ್ತೆ ಸಿಸ್ಟರ್. ನಾನು ಮನೆಗೆ ಹೋಗ್ತೀನಿ."

ಸಿಸ್ಟರ್ ಅವಳ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿಯೇ ಇತ್ತು.

"ಬೇಡ್ಕೋತೀನಿ. ಮೊದಲು ಹೋಗಿ ಹೆಸರು ಬರೆಸು. ನಿನ್ನ ಜಾಗ ನಾನು ನೋಡ್ಕೋತೀನಿ."

ಹೆಂಗಸು ಎದ್ದು, ಎರಡು ಸಲ ತಿರುಗಿ ನೋಡಿ, ಸಾಲಿನ ಕೊನೆಗೆ ಹೋಗಿ ನಿಂತಳು. ಕೋಲೂರಿಕೊಂಡು ಬಂದ ಮುದುಕನೊಬ್ಬ ಖಾಲಿ ಕುರ್ಚಿಯತ್ತ ಬಾಗಿದ. ಸಿಸ್ಟರ್ ತಾನೇ ಎದ್ದು ಅವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಪಕ್ಕದಲ್ಲಿದ್ದ ಹೆಂಗಸಿನ ಕುರ್ಚಿಯ ಬೆನ್ನ ಮೇಲೆ ಕೈಯೂರಿ, ನಿಂತೇ ಇದ್ದಳು.