ಓಡುಮ್ ಬಾಗಿಲಿಗೆ ಹೊಸ ಬೀಗ

ಗಂಡ ತೀರಿಕೊಂಡ ನಲವತ್ತನೆಯ ದಿನದ ಅಡುಗೆಯ ಹಂಡೆಗಳನ್ನು ಪೊಕುವಾ ಇನ್ನೂ ತೊಳೆದಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ನಾದಿನಿ ಕೊನಾಡು ಬೀಗ ಕೂರಿಸುವವನನ್ನು ಕರೆದುಕೊಂಡು ಬಂದೇಬಿಟ್ಟಳು. ನಾಚಿಕೆ ಅನ್ನುವುದು ಆ ಹೆಂಗಸಿನ ಹತ್ತಿರ ಸುಳಿದಿದ್ದರೆ ತಾನೇ! ಅವಳ ಹಿಂದೆ ಕೋಲೂರಿಕೊಂಡು ಕುಲದ ಯಜಮಾನ, ಮುದುಕ ಫ್ರೆಂಪೊಂಗ್. ಸತ್ತ ದ್ವೊಮೊಗೂ ಕೊನಾಡುಗೂ ಸೋದರಮಾವ.

ಕೊನಾಡು ಮೆಟ್ಟಿಲು ಹತ್ತಿದವಳೇ ತೆರೆದಿದ್ದ ಬಾಗಿಲ ಮೇಲೆ ಬೆರಳಿಟ್ಟಳು. "ಇಲ್ಲಿ ಕೊರಿ ಬೆಂಪಾ. ಹಿಡಿಯಿಂದ ಒಂದು ಗೇಣು ಮೇಲೆ."

"ಏನಿದು?" ಎಂದಳು ಪೊಕುವಾ, ಕಪ್ಪು ಬಟ್ಟೆಯ ಸೆರಗನ್ನು ಭುಜಕ್ಕೆ ಎಳೆದುಕೊಳ್ಳುತ್ತ.

"ಕಾಣಲ್ವಾ ಅತ್ತಿಗೆ? ಡೆಡ್‌ಬೋಲ್ಟ್. ಬೀಗದಕೈ ಇಲ್ದೆ ಇರುವೆನೂ ಒಳಗೆ ಹೋಗಲ್ಲ. ಅಣ್ಣ ಹೋದ, ಮನೆ ನಮ್ಮ ತಾಯಿಕುಲಕ್ಕೆ ಬಂತು. ನಿನ್ನ ಬಟ್ಟೆಬರೆ ಕಟ್ಕೋ."

"ಈ ಮನೆಯ ಒಂದೊಂದು ಇಟ್ಟಿಗೇನೂ ನಾನೂ ಅವರೂ ಸೇರಿ ತಂದಿದ್ದು. ಕಾನೂನು ಹೆಂಡತಿ ಕಡೆಗಿದೆ, ತಿಳ್ಕೋ."

"ಹೋಗು, ಕೋರ್ಟಿಗೆ ಹೋಗು, ಯಾರು ಬೇಡ ಅಂದ್ರು? ಕೋರ್ಟಿಗೆ ಹತ್ತು ವರ್ಷ ಬೇಕು, ಬೀಗಕ್ಕೆ ಒಂದು ಗಂಟೆ ಸಾಕು."

ಮಾತು ಸುಳ್ಳಲ್ಲ, ಅದು ಪೊಕುವಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕುಮಾಸಿ ನಗರದ ಅಸಾಫೊ ಸಂತೆಯಲ್ಲಿ ಇಪ್ಪತ್ತು ವರ್ಷದಿಂದ ಬೀಗ, ಚಿಲಕ, ತಿರುಪು ಮಾರುತ್ತಿದ್ದವಳು ಅವಳು. ಸಾವಿನ ಮನೆಯಿಂದ ನೇರವಾಗಿ ಬಂದು ಇಂಥದೇ ಬೀಗ ಕೊಂಡುಹೋದ ಎಷ್ಟು ಜನರನ್ನು ಕಂಡಿರಲಿಲ್ಲ! ಯಾವ ವಿಧವೆಯ ಬಾಗಿಲಿಗೆ ಎಂದು ಅವಳು ಒಬ್ಬರನ್ನೂ ಕೇಳಿದವಳಲ್ಲ. ಹಾಗೆ ಆಚೆ ಬಿದ್ದ ಹೆಂಗಸರಲ್ಲಿ ಮತ್ತೆ ಒಳಗೆ ಹೋದವರು ಯಾರೂ ಅವಳಿಗೆ ಗೊತ್ತಿರಲಿಲ್ಲ. ಹೊಸ್ತಿಲು ದಾಟಿದರೆ ತನ್ನ ಕಥೆಯೂ ಅಷ್ಟೇ ಎಂದುಕೊಂಡು ಒಳಗಿನಿಂದ ಸ್ಟೂಲು ತಂದು ಹೊಸ್ತಿಲ ಈಚೆಗೆ, ಮನೆಯ ಒಳಮಗ್ಗುಲಲ್ಲಿ, ಕುಳಿತುಬಿಟ್ಟಳು.

"ಕೂತ್ಕೋ, ಕೂತ್ಕೋ," ಎಂದಳು ಕೊನಾಡು. "ಮಧ್ಯಾಹ್ನಕ್ಕೆ ನಮ್ಮ ಹುಡುಗರು ನಾಲ್ಕು ಜನ ಬರ್ತಾರೆ. ನೀನಾಗೇ ಎದ್ರೆ ಸರಿ, ಇಲ್ಲಾಂದ್ರೆ ಸ್ಟೂಲ್ ಸಮೇತ ಎತ್ತಿ ರಸ್ತೇಲಿ ಇಡ್ತಾರೆ."

ಪೊಕುವಾಳ ಅಣ್ಣ ಇದ್ದದ್ದು ದೂರದ ಟೆಚಿಮಾನ್‌ನಲ್ಲಿ. ಫೋನು ಮಾಡಿದರೂ ಮಧ್ಯಾಹ್ನದೊಳಗೆ ಬರುವ ಮಾತಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಎದುರಿನ, ಜೋಳದ ಹುಳಿಹಿಟ್ಟಿನ ಕೆಂಕಿ ಮಾರುವವಳು ಅಂಗಳದ ಗೋಡೆಗೆ ಆತು ನಿಂತರು. ನೋಡುವುದಕ್ಕೆ ಬಂದರೇ ಹೊರತು ಬಿಡಿಸುವುದಕ್ಕಲ್ಲ.

ಬೆಂಪಾ ಕಾಗದದ ಅಚ್ಚನ್ನು ಬಾಗಿಲ ಅಂಚಿಗೆ ಮಡಿಸಿಟ್ಟು ಗುರುತು ಹಾಕಿದ. ಕರೆಂಟು ಹೋಗಿತ್ತು. ಕೈಯಲ್ಲಿ ತಿರುಗಿಸುವ ಬೈರಿಗೆ ತೆಗೆದು ಎದೆ ಒತ್ತಿ ನಿಂತ. ಓಡುಮ್ ಮರ, ಕಲ್ಲಿಗಿಂತ ಗಟ್ಟಿ. ಹತ್ತು ನಿಮಿಷ ತಿರುಗಿಸಿದರೂ ಬಂದದ್ದು ಒಂದು ಚಿಟಿಕೆ ಪುಡಿ.

"ಆ ಹಲ್ಲು ಮೊಂಡಾಗಿದೆ," ಎಂದಳು ಪೊಕುವಾ. "ಗಂಜಿ ಕಲಸೋಕೆ ಲಾಯಕ್ಕು, ಬಾಗಿಲು ಕೊರೆಯೋಕಲ್ಲ. ಎಲ್ಲಿ ಕಲಿತ್ಯಪ್ಪ ಕೆಲಸ?"

"ಅಮ್ಮಾ, ನಂಗ್ಯಾಕೆ ಬೈತೀರ? ಕರೆದ್ರು, ಬಂದೆ."

"ಅವಳ ಬಾಯಿಗೆ ಉತ್ತರ ಕೊಡಬೇಡ, ಕೈ ನಡೆಸು!" ಎಂದು ಕೊನಾಡು ಗದರಿದಳು.

ಮುದುಕ ಅಂಗಳದಲ್ಲೇ ನಿಂತಿದ್ದ. ಬಿಸಿಲು ಏರುತ್ತಿತ್ತು. ಅವನ ಕಾಲು ಸಣ್ಣಗೆ ನಡುಗುವುದು ಪೊಕುವಾಳ ಕಣ್ಣಿಗೆ ಬಿತ್ತು. ಬಂದವರಾರೂ ಕೂತಿಲ್ಲ, ಅವಳೂ ಕೂರಿ ಅಂದಿಲ್ಲ. ಯಾವ ಮನೆಗೆ ಹೋದರೂ ಮೊದಲು ಆಸನ, ಆಮೇಲೆ ನೀರು, ನೀರು ಕುಡಿದ ಮೇಲೆ ಬಂದ ವಿಷಯ. ಕೂಸುಗಳಿಗೂ ಗೊತ್ತಿರುವ ಕ್ರಮ ಅದು. ನೀರು ಕೊಟ್ಟವರು ಮನೆಯವರು, ಕುಡಿದವರು ನೆಂಟರು. ಕೊನಾಡು ಬಂದವಳೇ ಬಾಗಿಲಿಗೆ ಕೈಹಾಕಿದ್ದು ಸುಮ್ಮನೆ ಅಲ್ಲ ಎಂದು ಪೊಕುವಾಳಿಗೆ ಆಗ ಹೊಳೆಯಿತು.

ಅವಳು ಎದ್ದು ಒಳಗೆ ಹೋದಳು. ಬೆಂಚನ್ನು ಹೊಸ್ತಿಲ ಒಳಗಿನಿಂದಲೇ ಜಗುಲಿಯ ನೆರಳಿಗೆ ತಳ್ಳಿ, ಫ್ರಿಜ್ಜಿನಲ್ಲಿ ಇನ್ನೂ ತಣ್ಣಗಿದ್ದ ನೀರನ್ನು ಮೂರು ಲೋಟಕ್ಕೆ ಬಗ್ಗಿಸಿ ತಟ್ಟೆಯಲ್ಲಿಟ್ಟು ತಂದಳು.

"ಮಾವ, ಬನ್ನಿ. ಕೂತ್ಕೊಳ್ಳಿ. ನೀರು ತಗೊಳ್ಳಿ."

ಕೊನಾಡು ಕೆಂಡ ತುಳಿದವಳಂತೆ ಚಿಮ್ಮಿದಳು. "ಮಾವ! ಮುಟ್ಟಬೇಡಿ ಅದನ್ನ! ಇವಳ ಆಟ ಗೊತ್ತಾಗ್ತಿಲ್ವಾ? ನಿನ್ನ ನೀರು ಯಾರಿಗೆ ಬೇಕೇ? ನಮ್ಮಣ್ಣ ಇದೇ ನೀರು ಕುಡಿದು ಕುಡಿದೇ ಸತ್ತ."

ಗೋಡೆಯ ಹತ್ತಿರ ಕೆಂಕಿಯವಳು ಹಾ ಎಂದು ಬಾಯಿಗೆ ಕೈಯಿಟ್ಟಳು. ಆ ಮಾತಿಗೆ ಕೊನಾಡುವಿನ ಕೆನ್ನೆಗೆ ಬಾರಿಸಬೇಕೆನಿಸಿತು ಪೊಕುವಾಳಿಗೆ. ಬಾರಿಸಿದ್ದರೆ ಕೊನಾಡುಗೆ ಬೇಕಾದದ್ದೇ ಸಿಗುತ್ತಿತ್ತು. ಪೊಕುವಾ ಹೊಸ್ತಿಲ ಒಳಗಿನಿಂದಲೇ ಕೈ ಚಾಚಿ ತಟ್ಟೆಯನ್ನು ಬೆಂಚಿನ ತುದಿಗಿಟ್ಟು ತನ್ನ ಸ್ಟೂಲಿಗೆ ಮರಳಿದಳು.

"ನಾನೇನು ಮಗುವಾ?" ಎಂದು ಮುದುಕ ಗೊಣಗಿದ. "ಕೂರ್ತೀನಿ. ಕುಡಿಯಲ್ಲ." ಬೆಂಚಿನ ಮೇಲೆ ಕುಳಿತ. ಲೋಟದ ಹೊರಮೈಯಲ್ಲಿ ಹನಿ ಕಟ್ಟಿದ್ದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡ.

ಮತ್ತೆ ಒಂದು ಗಂಟೆ ಕಿರ್ ಕಿರ್ ಸದ್ದು. ಇಬ್ಬರು ಹೆಂಗಸರೂ ಆಡದ ಮಾತಿಲ್ಲ. ಪೊಕುವಾ ಬಂಜೆಯಾದಳು, ಮಾಟಗಾತಿಯಾದಳು. ಕೊನಾಡು ಇಬ್ಬರು ಗಂಡಂದಿರೂ ಬಿಟ್ಟೋಡಿದವಳಾದಳು, ಅಣ್ಣನ ಹೆಣದ ಮೇಲಿನ ಬಟ್ಟೆಗೂ ಕಣ್ಣು ಹಾಕಿದವಳಾದಳು. ಮೇಷ್ಟ್ರು ನಡುವೆ ಒಮ್ಮೆ ಕೆಮ್ಮಿ ಏನೋ ಹೇಳಹೋದರು, ಇಬ್ಬರೂ ಒಟ್ಟಿಗೇ ಅವರ ಮೇಲೆ ಹರಿಹಾಯ್ದರು.

ಕೊನೆಗೂ ಬೈರಿಗೆ ಬಾಗಿಲನ್ನು ತೂರಿ ಆಚೆ ಬಂತು. ಬೆಂಪಾ ತೂತಿಗೆ ಬಾಯಿಟ್ಟು ಫೂ ಎಂದು ಊದಿದ. ಮರದ ಪುಡಿಯೆಲ್ಲ ಬೆಂಚಿನ ಕಡೆಗೇ ಹಾರಿತು. ಮುದುಕನಿಗೆ ಕೆಮ್ಮು ಒತ್ತರಿಸಿ ಬಂತು. ಕಣ್ಣು ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು. ಅವನ ಬಲಗೈ ತಾನಾಗಿ ಲೋಟ ಎತ್ತಿಕೊಂಡಿತು. ಎಪ್ಪತ್ತು ವರ್ಷದ ರೂಢಿ ನೋಡಿ, ಎತ್ತಿಕೊಂಡ ಕೈ ನೇರವಾಗಿ ಬಾಯಿಗೆ ಹೋಗಲಿಲ್ಲ. ಮೊದಲು ನೆಲಕ್ಕೆ ಒಂದಿಷ್ಟು ಚೆಲ್ಲಿತು. "ದ್ವೊಮೊ, ತಗೋಪ್ಪ," ಎಂದು ಸತ್ತ ಅಳಿಯನ ಹೆಸರು ಹೇಳಿ, ಆಮೇಲೆ ಮುದುಕ ಗಟಗಟ ಕುಡಿದು ಮುಗಿಸಿದ.

ಲೋಟ ಕೆಳಗಿಟ್ಟಾಗಲೇ ಮುದುಕನಿಗೆ ತಾನು ಮಾಡಿದ್ದು ತಿಳಿದದ್ದು.

ಪೊಕುವಾ ಒಂದು ಕ್ಷಣವನ್ನೂ ಬಿಡಲಿಲ್ಲ. ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಗೋಡೆಯಾಚೆಗೂ ಕೇಳುವಂತೆ ಕ್ರಮಪ್ರಕಾರ ಕೇಳಿದಳು: "ಮಾವ, ಈ ಮನೇಲಿ ಎಲ್ಲ ಕ್ಷೇಮ. ನೀವು ಬಂದ ವಿಷಯ ಏನು, ಹೇಳಿ."

"ಹಾವು ಕಣೇ ನೀನು," ಎಂದ ಮುದುಕ.

"ನೀರು ಕೊಟ್ಟೆ ಮಾವ. ಬಾಯಿಗೆ ಹುಯ್ಯಲಿಲ್ಲ."

"ಅದೆಲ್ಲ ಲೆಕ್ಕಕ್ಕಿಲ್ಲ!" ಕೊನಾಡು ಕಿರುಚಿದಳು. "ಕೆಮ್ಮು ಬಂತು, ಕುಡಿದ್ರು, ಅಷ್ಟೇ. ಹೇಳಿ ಮಾವ! ಆಚೆ ನಡಿ ಅಂತ ಹೇಳಿ!"

"ಹೇಗೆ ಹೇಳಲಿ? ಸತ್ತವನಿಗೂ ಎರೆದು ಕುಡಿದಿದ್ದೀನಿ, ಮೇಷ್ಟ್ರು ನೋಡ್ತಾ ನಿಂತಿದ್ದಾರೆ. ಇವಳ ನೀರು ಕುಡಿದು ಇವಳನ್ನೇ ಬೀದಿಗೆ ಹಾಕಿದ್ರೆ ನಾಳೆ ಕುಲದವರ ನಡುವೆ ಕೂತು ಯಾವ ಬಾಯಲ್ಲಿ ನ್ಯಾಯ ಹೇಳ್ಲಿ ನಾನು?" ಮುದುಕ ಕೋಲು ಊರಿ ಎದ್ದ. ಪೊಕುವಾಳ ಕಡೆ ನೋಡಿದ ನೋಟದಲ್ಲಿ ಕರುಣೆ ಎಳ್ಳಷ್ಟೂ ಇರಲಿಲ್ಲ. "ನಾನು ಬದುಕಿರೋ ತನಕ ನಮ್ಮ ಕುಲದವರು ನಿನ್ನನ್ನ ಎಬ್ಬಿಸಲ್ಲ. ನಾನು ಸತ್ತ ದಿನ ನಮ್ಮ ಕುಲದ ಮನೆ ಅಂಗಳಕ್ಕೂ ಬರಬೇಡ, ನನ್ನ ಹೆಣಾನೂ ನೋಡಬೇಡ. ಹುಡುಗರನ್ನ ದಾರೀಲೇ ವಾಪಸ್ ಕಳಿಸ್ತೀನಿ." ಹಿಂತಿರುಗಿ ನೋಡದೆ ಗೇಟು ದಾಟಿ ಹೋದ.

ಬೆಂಪಾ ಇಬ್ಬರ ಮುಖವನ್ನೂ ನೋಡಿದ. "ಈಗ ನಾನೇನು ಮಾಡ್ಲಿ?"

"ಕೂರಿಸು," ಎಂದಳು ಪೊಕುವಾ. "ತೂತು ಕೊರೆದು ಬಿಟ್ಟು ಹೋಗ್ತೀಯಾ?"

"ಕೂರಿಸು," ಎಂದಳು ಕೊನಾಡು ಕೂಡ. ಆ ದಿನ ಇಬ್ಬರೂ ಒಪ್ಪಿದ ಮಾತು ಅದೊಂದೇ.

ಅವನು ಅಂಚಿಗೆ ಉಳಿ ಹಾಕಿ ಬೋಲ್ಟು ಇಳಿಸಿದ, ಚೌಕಟ್ಟಿನಲ್ಲಿ ಗೂಡು ತೆಗೆದ, ಹೊರಗೆ ಬೀಗದಕೈ ಹಾಕುವ ಗುಂಡು, ಒಳಗೆ ತಿರುಗಿಸುವ ಗುಬ್ಬಿ ಕೂರಿಸಿ ಎರಡು ಉದ್ದ ತಿರುಪು ಬಿಗಿದ. ಬೀಗದಕೈಗಳ ಪೊಟ್ಟಣ ಒಡೆಯುತ್ತಿದ್ದಂತೆ ಕೊನಾಡು ಐದನ್ನೂ ಬಾಚಿಕೊಂಡಳು.

"ಬೀಗ ತಂದಿದ್ದು ನಾನು. ಇವು ನನ್ನವು. ಮುದುಕ ಎಬ್ಬಿಸಬೇಡಿ ಅಂದ, ಸರಿ, ಎಬ್ಬಿಸಲ್ಲ. ನೀನೇ ಏಳ್ತೀಯಲ್ಲ ಒಂದಿನ! ಸಂತೆಗೆ ಹೋಗಲ್ವಾ? ಆಸ್ಪತ್ರೆಗೆ ಹೋಗಲ್ವಾ? ಆವತ್ತು ನಾನು ಒಳಗಿರ್ತೀನಿ, ನೀನು ಆಚೆ."

ಪೊಕುವಾ ಹಿಂದಿನ ಸಣ್ಣ ಕೋಣೆಗೆ ಹೋಗಿ ಅಂಗಡಿಯ ಪೆಟ್ಟಿಗೆಗಳಲ್ಲಿ ಅದೇ ಮಾರ್ಕಿನ ಬೀಗವೊಂದನ್ನು ಹುಡುಕಿ ತಂದಳು. ಬೆಂಪಾನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ಒಳಗಿನ ಎರಡು ತಿರುಪು ಬಿಚ್ಚಿದಳು. ಹೊರಗಿನ ಗುಂಡು ಸಡಿಲವಾಗಿ ಕೈಗೆ ಬಂತು. ತನ್ನ ಬೀಗದ ಗುಂಡನ್ನು ಅಲ್ಲಿ ಕೂರಿಸಿ ಮತ್ತೆ ಬಿಗಿದಳು. ಇನ್ನು ಕೊನಾಡುವಿನ ಐದು ಬೀಗದಕೈಗಳಿಗೂ ಈ ಬಾಗಿಲು ತೆರೆಯದು. ಐದು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಸಾವಿರ ಸಲ ಗಿರಾಕಿಗಳಿಗೆ ಮಾಡಿ ತೋರಿಸಿದ ಕೆಲಸ.

ಬಿಚ್ಚಿದ ಗುಂಡನ್ನು ಕೊನಾಡುವಿನ ಕಾಲ ಬಳಿ ಎಸೆದಳು. "ತಗೋ. ಐದು ಬೀಗದಕೈ ಇಟ್ಕೊಂಡಿದ್ದೀಯಲ್ಲ, ಬೀಗಾನೂ ಇಟ್ಕೋ. ಹೋಗಿ ನಿನ್ನ ಬಾಗಿಲಿಗೆ ಹಾಕಿಸ್ಕೋ."

ಕೊನಾಡುವಿಗೆ ಬಾಗಿಲು ಇರಲಿಲ್ಲ. ಕುಲದ ದೊಡ್ಡ ಮನೆಯ ಓಣಿಯಂಥ ಜಾಗದಲ್ಲಿ, ಹಗ್ಗಕ್ಕೆ ನೇತುಹಾಕಿದ ಪರದೆಯ ಹಿಂದೆ ಅವಳು ಮಲಗುತ್ತಿದ್ದಳು. ಅದು ಪೊಕುವಾಳಿಗೂ ಗೊತ್ತಿತ್ತು. ಬಾಯಿಂದ ಬಂದ ಮೇಲೆ ನೆನಪಾಯಿತೋ, ನೆನಪಿದ್ದೇ ಬಂತೋ, ಅವಳಿಗೇ ತಿಳಿಯದು.

ಬೆಳಗಿನಿಂದ ಒಂದು ಮಾತಿಗೆ ಹತ್ತು ಆಡಿದ್ದ ಕೊನಾಡು ಬಗ್ಗಿ ಆ ಗುಂಡನ್ನು ಎತ್ತಿಕೊಂಡಳು. ಆಮೇಲೆ ಪೊಕುವಾಳ ಹೆಗಲಾಚೆಗೆ, ಒಳಗೆ ನೋಡುತ್ತ, ಮೇಷ್ಟ್ರಿಗೆ ಕೇಳದಷ್ಟು ಮೆಲ್ಲಗೆ ಹೇಳಿದಳು: "ಆ ಸಣ್ಣ ಕೋಣೆ ನಂಗೆ ಅಂತ ಕಟ್ಟಿಸಿದ್ದು ಅಣ್ಣ. ನಂಗೇ ಹೇಳಿದ್ದ. ನೀನು ಅದ್ರಲ್ಲಿ ಪೆಟ್ಟಿಗೆ ತುಂಬಿದೆ."

ಹೇಳಿದ್ದು ನಿಜ. ದ್ವೊಮೊ ಪೊಕುವಾಳಿಗೂ ಹೇಳಿದ್ದ, ಒಂದಲ್ಲ ಮೂರು ಸಲ. ಒಂದು ವಾರ ಇರಲಿ ಎಂದು ಅವಳು ಇಟ್ಟ ಪೆಟ್ಟಿಗೆಗಳು ಆರು ವರ್ಷವಾದರೂ ಅಲ್ಲೇ ಇದ್ದವು.

"ಹೇಳಿದವನನ್ನೇ ಹೋಗಿ ಕೇಳು," ಎಂದು ಪೊಕುವಾ ಬಾಗಿಲು ಹಾಕಿ ಗುಬ್ಬಿ ತಿರುಗಿಸಿದಳು.

ಬೋಲ್ಟು ಸದ್ದಿಲ್ಲದೆ ಚೌಕಟ್ಟಿನೊಳಗೆ ಹೋಯಿತು. ಬೆಂಪಾ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದ. ಬಾಗಿಲ ಕೆಳಗಿನ ಸಂದಿನಲ್ಲಿ ಕೊನಾಡುವಿನ ಎರಡು ಪಾದಗಳ ನೆರಳು ಬಹಳ ಹೊತ್ತು ಅಲುಗಲಿಲ್ಲ. ಪೊಕುವಾ ಗುಬ್ಬಿಯ ಮೇಲಿನ ಕೈ ತೆಗೆಯದೆ ಈಚೆ ಕಡೆ ನಿಂತೇ ಇದ್ದಳು, ಆದರೆ ಬಾಗಿಲು ತೆರೆಯಲಿಲ್ಲ.