ಟರ್ಬೊದ ಶಿಳ್ಳೆ

ಹಾರ್ಮೋನಿಯಂ ಡಿಕ್ಕಿಯೊಳಗೆ ಹೋಗಲು ಒಪ್ಪಲಿಲ್ಲ. ಹೊಸ ಕಾರಿನ ಡಿಕ್ಕಿಗೆ ಹೊರಗೆ ಅಂದ ಜಾಸ್ತಿ, ಒಳಗೆ ಜಾಗ ಕಡಿಮೆ. ಗುರುಕಿರಣ್ ಪೆಟ್ಟಿಗೆಗೆ ಹಳೇ ಜಮಖಾನ ಸುತ್ತಿ, ಓರೆ ಮಾಡಿ, ಹೇಗೋ ತುರುಕಿ ಬಾಗಿಲು ಮುಚ್ಚಿದ. ಅವನ ಅಕ್ಕನ ಗಂಡ ಷಡಕ್ಷರಿ ಕೀಲಿಯನ್ನು ಅವನ ಕೈಗಿಟ್ಟು ಎಡಗಡೆಯ ಸೀಟಿನಲ್ಲಿ ಕೂತರು. ಕಾರು ಮನೆಗೆ ಬಂದ ಮೇಲೆ ಅವರು ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದು ಇದೇ ಮೊದಲು. ಹಿಂದೆ ಕೂತಿದ್ದ ಮಗಳು ಲಾಸ್ಯ ಕನ್ನಡಿಯಲ್ಲಿ ಮಾಮನ ಮುಖ ನೋಡಿ ಕಣ್ಣು ತಪ್ಪಿಸಿದಳು.

"ಶ್ರೀರಾಂಪುರಕ್ಕೆ ನಡಿ. ಪೆಟ್ಟಿಗೆ ಧನುಶ್ರೀಗೆ ಕೊಟ್ಬುಟ್ರೆ ನನ್ನ ಕೆಲಸ ಮುಗೀತು," ಎಂದರು ಷಡಕ್ಷರಿ. ಧನುಶ್ರೀ ಅವರ ಹತ್ತಿರ ಹಾಡು ಕಲಿಯುವ ಹುಡುಗಿ.

ಕೃಷ್ಣಮೂರ್ತಿಪುರಂನಲ್ಲಿ ವಚನ ಹಾಡಲು ಕಲಿಸುವ ಮೇಷ್ಟ್ರು ಟರ್ಬೊ ಕಾರು ಕೊಂಡರೆಂದಾಗ ಬೀದಿಯೇ ನಂಬಿರಲಿಲ್ಲ. ಅದೂ ಹೊಸ ಅವತಾರದ್ದು: ಕಪ್ಪು ಚಾವಣಿ, ಮೂತಿಗೆ ಕೆಂಪು ಗೆರೆ, ಹಿಂದೆ ಜೋಡಿ ಸೈಲೆನ್ಸರ್, ಡಿಕ್ಕಿಯ ಮೇಲೊಂದು ಪುಟ್ಟ ರೆಕ್ಕೆ. ಹಳೇ ಮಾಡೆಲ್‌ಗಿಂತ ಇಪ್ಪತ್ತು ಕುದುರೆ ಬಲ ಹೆಚ್ಚು. ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೆಂಪು ಹೊಲಿಗೆಯ ಸೀಟಿನಲ್ಲಿ ಕೂತ ಭಾವನನ್ನು ನೋಡಿ ಗುರುಕಿರಣ್, ಇಷ್ಟು ದಿನ ವಿಲಂಬಿತದಲ್ಲಿದ್ದವರು ನೇರವಾಗಿ ದ್ರುತಕ್ಕೆ ಹಾರಿಬಿಟ್ಟಿರಲ್ಲ ಎಂದು ಕಾಡಿದ್ದ. ಷಡಕ್ಷರಿ ಸೋತದ್ದು ಮಾತ್ರ ಕುದುರೆಗಳಿಗಲ್ಲ. ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ ಎಂದು ಷೋರೂಮಿನವನು ವಿವರಿಸಿದಾಗ ಅವರ ಮುಖ ಅರಳಿತ್ತು. ಹಾರ್ಮೋನಿಯಂನ ತಿದಿ ಮಾಡುವುದೂ ಅದನ್ನೇ ಅಲ್ಲವೆ!

ಗುರುಕಿರಣ್ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಬಾಯಲ್ಲಿ ಕುಕ್ಕರು, ಮಿಕ್ಸಿ, ಪ್ರಿನ್ಸಿಪಾಲರು ಎಲ್ಲರ ದನಿಯೂ ಇತ್ತು. ಒಂದು ಭಾನುವಾರ ರಿಂಗ್ ರೋಡಿನಲ್ಲಿ ಭಾವ ಆಕ್ಸಿಲರೇಟರ್ ಒತ್ತಿದೊಡನೆ ಹಿಂದಿನ ಸೀಟಿನಲ್ಲಿದ್ದ ಇವನು ಹಲ್ಲಿನ ಸಂದಿಯಿಂದ ಎಳೆಯಷ್ಟು ಸಣ್ಣಗೆ ಶಿಳ್ಳೆ ಬಿಟ್ಟ. ಕಾಲು ತೆಗೆದರೆ ಶಿಳ್ಳೆ ನಿಂತಿತು. ಮತ್ತೆ ಒತ್ತಿದರು, ಮತ್ತೆ ಬಂತು. ಏನೋ ಕೂಗ್ತಾ ಇದೆಯಲ್ಲ ಎಂದು ಅವರು ಕೇಳಿದಾಗ ಲಾಸ್ಯ ದುಪಟ್ಟಾ ಬಾಯಿಗೊತ್ತಿಕೊಂಡು, ನಂಗೇನೂ ಕೇಳಿಸ್ತಿಲ್ಲಪ್ಪ ಎಂದಳು.

ಸರ್ವೀಸಿನವರಿಗೆ ಏನೂ ಸಿಗಲಿಲ್ಲ. ಒಬ್ಬರೇ ಓಡಿಸಿದರೆ ಸದ್ದಿಲ್ಲ, ಮನೆಮಂದಿ ಕೂತರೆ ಮಾತ್ರ ಬರುತ್ತದೆ ಎಂದು ಷಡಕ್ಷರಿ ಉದಯಗಿರಿಯ ಮೆಕ್ಯಾನಿಕ್ಕಿಗೆ ಹೇಳಿದರು. ಭಾರಕ್ಕೆ ಇಂಜಿನ್ ಹೆಚ್ಚು ಗಾಳಿ ಎಳೆಯುತ್ತೆ, ಎಲ್ಲೋ ಸೋರುತ್ತಿರಬೇಕು ಎಂದು ಅವನು ಪೈಪು ಬದಲಾಯಿಸಿದ. ಮುಂದಿನ ಭಾನುವಾರ ಶಿಳ್ಳೆ ಇನ್ನೂ ಇಂಪಾಗಿ ಬಂತು. ಈ ಸಲವೂ ಲಾಸ್ಯಳಿಗೆ ಕೇಳಿಸಲಿಲ್ಲ. ಆಮೇಲೆ ಭಾವ ಆ ಮಾತೇ ಎತ್ತಲಿಲ್ಲ. ತಮಾಷೆ ಹಳಸಿತೆಂದು ಗುರುಕಿರಣನೂ ಬಿಟ್ಟುಬಿಟ್ಟ.

ಇವತ್ತು ಬೆಳಿಗ್ಗೆ ಅಕ್ಕ ಪಾರ್ವತಮ್ಮ ಕಾಫಿ ಲೋಟ ಕೊಡುತ್ತಾ ದನಿ ತಗ್ಗಿಸಿ, "ನಿಮ್ಮ ಭಾವ ಪಾಠ ನಿಲ್ಸಿಬುಟ್ರು ಕಣೋ. ಇಲ್ದಿರೋ ಸದ್ದು ಕೇಳೋ ಕಿವೀಲಿ ಮಕ್ಕಳಿಗೆ ಶ್ರುತಿ ತಿದ್ದಿದ್ರೆ ಪಾಪ ಬರುತ್ತೆ ಅಂತಾರೆ," ಎಂದಿದ್ದಳು. ಗುರುಕಿರಣ್ ಅರ್ಧ ಕಾಫಿ ಅಲ್ಲೇ ಬಿಟ್ಟು ಎದ್ದಿದ್ದ.

ದಾರಿಯುದ್ದಕ್ಕೂ ಪ್ರತಿ ಸಿಗ್ನಲ್ಲಿನಲ್ಲೂ ಹೇಳಿಬಿಡಬೇಕೆಂದುಕೊಂಡ. ಹಸಿರು ದೀಪ ಬಂದಾಗಲೆಲ್ಲ ಬದುಕಿಕೊಂಡೆ ಎನಿಸುತ್ತಿತ್ತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಊರವರ ದನಿಯನ್ನೆಲ್ಲ ಕಡ ತಂದು ಆಡುವ ಬಾಯಿಗೆ ತನ್ನದೇ ಒಂದು ದನಿ ಸಿಗಲಿಲ್ಲ.

ಧನುಶ್ರೀಯ ಮನೆ ಮುಂದೆ ಇಂಜಿನ್ ಆರಿಸಿದ. ಷಡಕ್ಷರಿ ಬಾಗಿಲಿಗೆ ಕೈ ಹಾಕಿದರು. ಗುರುಕಿರಣ್ ಬಾಯಿ ತೆರೆದ. ಮಾತು ಬರಲಿಲ್ಲ, ಶಿಳ್ಳೆ ಬಂತು, ಎಳೆಯಷ್ಟು ಸಣ್ಣಗೆ.

ಷಡಕ್ಷರಿಯ ಕೈ ಅಲ್ಲೇ ನಿಂತಿತು. ಆರಿಹೋಗಿದ್ದ ಮೀಟರುಗಳನ್ನು ನೋಡಿದರು. ಆಮೇಲೆ ಬಾಮೈದನ ತುಟಿಗಳನ್ನು.

ಹಿಂದಿನಿಂದ ಲಾಸ್ಯ ಅಳುವ ದನಿಯಲ್ಲಿ ಹೇಳಿದಳು: "ನಂಗೂ ಕೇಳ್ಸಿತ್ತಪ್ಪ. ಪ್ರತಿ ಸಲಾನೂ."

ಷಡಕ್ಷರಿ ಬಾಗಿಲಿನಿಂದ ಕೈ ತೆಗೆದರು.

"ಆ ಹುಡುಗಿ ಅಪಸ್ವರ ಹಿಡಿದ್ರೆ," ಎಂದರು ಷಡಕ್ಷರಿ, "ತಪ್ಪು ಅವಳದೋ ನನ್ನ ಕಿವೀದೋ ಅಂತ ಗೊತ್ತಾಗ್ದೆ ಸುಮ್ನಿದ್ಬುಡ್ತಿದ್ದೆ ಕಣೋ."

"ಬೈದ್ಬುಡಿ ಭಾವ."

"ಇನ್ನೊಂದ್ಸಲ ಮಾಡು."

ಒಣಗಿದ ತುಟಿಯಲ್ಲಿ ಶಿಳ್ಳೆ ಸೀಳಿತು. ಷಡಕ್ಷರಿ ತಲೆ ವಾಲಿಸಿ ಕೇಳಿದರು. ಪಾಠದ ಮಣೆಯ ಮೇಲೆ ಕೂತಾಗಿನ ಭಂಗಿ ಅದು.

"ಸ್ವರ ಇಳೀತು. ಅವತ್ತು ಮನೆಗೆ ಬಂದು ಆ ಶಿಳ್ಳೇನ ಹಾರ್ಮೋನಿಯಂ ಮೇಲೆ ಹುಡುಕಿದ್ದೆ. ಸರಿಯಾಗಿ ಕರಿ ಎರಡನೇ ಮನೆ. ಈಗ ಬಿಳಿ ಎರಡಕ್ಕೆ ಬಂದಿದ್ದೀಯ. ಏರ್ಸು."

ಗುರುಕಿರಣ್ ತುಟಿ ಒದ್ದೆ ಮಾಡಿಕೊಂಡು ಏರಿಸಿದ.

"ಹಾಂ. ಅದೇ," ಎಂದವರೇ ನಗತೊಡಗಿದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ. ಪೈಪು ಬದಲಾಯಿಸಿದವನನ್ನು ನೆನೆದು ತೊಡೆ ತಟ್ಟಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಲಾಸ್ಯ ಅಳುತ್ತಲೇ ನಕ್ಕಳು. ಗುರುಕಿರಣನಿಗೆ ನಗು ತುಟಿಯವರೆಗೆ ಬಂದು ಅಲ್ಲೇ ಒಣಗಿತು. ಸ್ಟಿಯರಿಂಗಿನ ಕೆಂಪು ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತ.

ಧನುಶ್ರೀ ಗೇಟು ತೆಗೆದು ಬಂದು ಪೆಟ್ಟಿಗೆ ಇಸಿದುಕೊಳ್ಳಲು ಕಾರಿನ ಹಿಂದೆ ಎರಡೂ ಕೈ ಮುಂದೆ ಮಾಡಿಕೊಂಡು ನಿಂತಳು. ಒಳಗಿನ ನಗುವಿಗೆ ಪುಟ್ಟ ರೆಕ್ಕೆ ಅಲ್ಲಾಡುತ್ತಿತ್ತು. ಡಿಕ್ಕಿ ತೆರೆಯಲು ಷಡಕ್ಷರಿ ಇಳಿಯಲಿಲ್ಲ.